ಕೊನೆಯ ಕಿಲೋಮೀಟರಿನಲ್ಲಿ ಒಂದು ಲೋಟ ನೀರು

ಹೋದ ವಾರ, ಮಳೆ ಹಿಡಿಯುವ ಮೊದಲು ಮುಗಿಸಿಬಿಡೋಣ ಎಂದು, ಅಡುಗೆಮನೆಯ ಮೇಲಿನ ಮಾಳಾ ಖಾಲಿ ಮಾಡಿದೆ. ಮಾಳಾ ಎಂದರೆ ನಮ್ಮ ಮೈಸೂರಿನವರ ಅಟ್ಟ. ಮುಂಬೈಯಲ್ಲಿ ಅರ್ಧ ಸಂಸಾರ ಇರುವುದೇ ಅಲ್ಲಿ. ಒಡೆದ ಮಿಕ್ಸರ್ ಜಾರು, ಗಂಡನ ಹಳೆಯ ಬ್ರೀಫ್‌ಕೇಸು, ಯಾವ ಡಬ್ಬಕ್ಕೂ ಕೂರದ ಹನ್ನೆರಡು ಮುಚ್ಚಳಗಳು, ಇವುಗಳ ಹಿಂದೆ ನನ್ನ ಹಳೆಯ ಓಟದ ಶೂ ಸಿಕ್ಕಿತು. ಒಳಗೆ ಕೈ ಹಾಕಿದರೆ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಕೆರೆದು ಮೂಸಿದೆ. ಹಳಸಿದ ಹುಳಿ ವಾಸನೆ... ಮೈದಾಹಿಟ್ಟು. ಒದ್ದೆ ಕಾಲಿಗೆ ಸಿಕ್ಕಿ ಕಣಕವಾಗಿ, ಆಮೇಲೆ ಒಣಗಿ ಕಲ್ಲಾದ ಮೈದಾ.

"ಇದೇನೇ, ಶೂ ಒಳಗೆ ಪೂರಿ ಲಟ್ಟಿಸಿದ್ಯಾ?" ಎಂದು ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಗಂಡ ಕೇಳಿದರು. ನಾನು ನಕ್ಕೆ. ನಗುತ್ತ ನಗುತ್ತ ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಎಂದೆ, ಅವರು ನಂಬಿದರು. ನಂಬುವುದು ಅವರ ಸ್ವಭಾವ.

ಆ ಮೈದಾ ಕೊಟ್ಟವರು ಹೋಟೆಲಿನ ಅಣ್ಣ. ಘಾಟ್ಕೋಪರ್ ಸ್ಟೇಶನ್ನಿನಿಂದ ನಮ್ಮ ಬಿಲ್ಡಿಂಗಿಗೆ ಬರುವ ದಾರಿಯಲ್ಲಿ ಅವರ ಹೋಟೆಲು. ಉಡುಪಿ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಬಂದು, ಎಷ್ಟೋ ವರ್ಷ ಸಪ್ಲೈಯರ್ ಆಗಿದ್ದು, ಕೊನೆಗೆ ಅದೇ ಹೋಟೆಲಿನ ಗಲ್ಲಾದ ಮೇಲೆ ಯಜಮಾನರಾಗಿ ಕೂತವರು. ಗಿರಾಕಿಗಳಿಗೆ, ಒಲೆಯ ಮುಂದಿನ ಭಟ್ಟರಿಗೆ, ಪಾವ್ ತಂದು ಹಾಕುವವನಿಗೆ, ಎದುರಿನ ಪಾನ್ ಅಂಗಡಿಯ ಭೈಯ್ಯನಿಗೆ, ಎಲ್ಲರಿಗೂ ಅವರು ಅಣ್ಣ. ಗಲ್ಲಾದ ಮೇಲೆ ಕೂತರೂ ಕಣ್ಣು ಮಾತ್ರ ಟೇಬಲ್ಲುಗಳ ಮೇಲೆ. ಯಾರಾದರೂ ಬಂದು ಕೂತರೆ ಅವರು ಎರಡನೇ ಉಸಿರು ಬಿಡುವಷ್ಟರಲ್ಲಿ ಎದುರಿಗೆ ಸ್ಟೀಲಿನ ಲೋಟದಲ್ಲಿ ನೀರು ಬಂದಿರಬೇಕು. ಸಪ್ಲೈಯರ್ ತಡಮಾಡಿದರೆ ಅಣ್ಣನೇ ಎದ್ದು ಬಂದು ಇಡುತ್ತಿದ್ದರು. "ನೀರು ಇಡದೆ ಆರ್ಡರ್ ಕೇಳಿದ್ರೆ ಅದು ಹೋಟೆಲ್ ಅಲ್ಲ ಮೇಡಂ, ಪೊಲೀಸ್ ಸ್ಟೇಶನ್" ಎಂದು ನನಗೊಮ್ಮೆ ಹೇಳಿದ್ದರು.

ಇಂಥವರು ನನ್ನ ಟ್ರಯಥ್ಲಾನ್ ಗುರುಗಳಾದದ್ದು ಹೇಗೆ ಎಂದರೆ, ಅದಕ್ಕೆ ಕಾರಣ ನಮ್ಮ ಆಫೀಸಿನ ಒಬ್ಬ ಹುಡುಗಿ. ನಾನು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ದಿನವಿಡೀ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ಕೆಲಸ, ಮನೆಯಲ್ಲೂ ಅದನ್ನೇ ಸಂಬಳವಿಲ್ಲದೆ ಮಾಡುತ್ತೇನೆ. ನನ್ನ ಪಕ್ಕದ ಮೇಜಿನ ಈ ಹುಡುಗಿ ಅಂಧೇರಿಯವಳು. ಅಪ್ಪ ಅಮ್ಮ ಬೆಂಗಳೂರಿನವರಾದರೂ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡವನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು ಬೇಗ ಕೆಳಗಿಡುತ್ತಿದ್ದಳು. ಕೈಯಲ್ಲಿ ಒಂದು ದೊಡ್ಡ ಗಡಿಯಾರ. ಅದು ಅವಳ ನಿದ್ದೆ, ನಾಡಿ, ಉಸಿರು ಎಲ್ಲವನ್ನೂ ನೋಡಿ ದಿನವೂ ಬೈಯುತ್ತಿತ್ತು. ಅವಳೇ ಒಂದು ದಿನ, "ಅಕ್ಕಾ, ನೀವೂ ಟ್ರೈ ಮಾಡಿ ನಾ, ಬಹುತ್ ಮಜಾ ಬರತ್ತೆ" ಎಂದಳು.

ನನಗೆ ಆಗ ನಲವತ್ತಾರು. ಮೊದಲು ಮುಕ್ಕಾಲು ಕಿಲೋಮೀಟರ್ ಈಜು, ಆ ಒದ್ದೆಯಲ್ಲೇ ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಸೈಕಲ್ಲಿನಿಂದ ಇಳಿದು ಐದು ಕಿಲೋಮೀಟರ್ ಓಟ. ಇದೆಲ್ಲ ಎರಡು ಗಂಟೆ ಹದಿನೈದು ನಿಮಿಷದೊಳಗೆ. "ಇದೇ ಅತ್ಯಂತ ಚಿಕ್ಕದು ಅಕ್ಕಾ" ಎಂದು ಅವಳು ಸಮಾಧಾನ ಹೇಳಿದಳು. ನಾನು ಶಾಲೆಯಲ್ಲಿ ಒಂದೂ ಬಹುಮಾನ ಗೆದ್ದವಳಲ್ಲ. ನಿಂಬೆಹಣ್ಣು-ಚಮಚದ ಓಟದಲ್ಲೂ ನಿಂಬೆಹಣ್ಣು ಮೊದಲು ಬಂದು, ನಾನು ಆಮೇಲೆ ಬಂದಿದ್ದೆ. ಅದಕ್ಕೇ ಇರಬೇಕು, ಹಟ ಹಿಡಿಯಿತು. ಗೆಲ್ಲುವುದು ಬೇಡ, ಒಂದು ಸಲ, ಒಂದೇ ಒಂದು ಸಲ, ಹೇಳಿದ ಸಮಯದೊಳಗೆ ಆ ಗೆರೆ ದಾಟಬೇಕು.

ಮೊದಲ ವರ್ಷದ ಕಥೆ ಚಿಕ್ಕದು. ಮುನಿಸಿಪಾಲಿಟಿ ಈಜುಕೊಳದ ಲೇಡೀಸ್ ಬ್ಯಾಚಿನಲ್ಲಿ, ಆಳವಿಲ್ಲದ ಕಡೆ ನಿಂತು ಸೊಸೆಯಂದಿರ ವಿಚಾರ ಮಾತಾಡುವ ಹೆಂಗಸರನ್ನು ಸುತ್ತು ಹಾಕಿ ಹಾಕಿ ಈಜು ಸರಿಮಾಡಿಕೊಂಡೆ. ಬೆಳಗಿನ ಜಾವ ಹಾಲಿನ ಟೆಂಪೋಗಳ ಹಿಂದೆ ಹೈವೇಯಲ್ಲಿ ಸೈಕಲ್ ತುಳಿದೆ. ಸೊಸೈಟಿಯ ಕಾಂಪೌಂಡಿನಲ್ಲಿ ನಾನು ಸುತ್ತು ಓಡುವುದನ್ನು ನೋಡಿ ವಾಚ್‌ಮನ್ನಿಗೇ ತಲೆ ಸುತ್ತುತ್ತಿತ್ತು. ಸ್ಪರ್ಧೆ ಇದ್ದದ್ದು ಸಮುದ್ರದ ಹಿನ್ನೀರಿನ ಖಾಡಿಯಾಚೆಯ ಒಂದು ದೊಡ್ಡ ಕಾಲೇಜಿನ ಮೈದಾನದಲ್ಲಿ. ಅಲ್ಲಿನ ಈಜುಕೊಳ, ಸುತ್ತಲಿನ ರಸ್ತೆ. ಮೂರನ್ನೂ ಮುಗಿಸಿದೆ. ಗೆರೆಯ ಹತ್ತಿರ ಬಂದಾಗ ಇಬ್ಬರು ಏಣಿ ಹತ್ತಿ ಬ್ಯಾನರಿನ ಹಗ್ಗ ಬಿಚ್ಚುತ್ತಿದ್ದರು. ನಾನು ದಾಟಿದ ಮೇಲೆ ಗಡಿಯಾರ ನೋಡಿದರೆ ಎರಡು ಗಂಟೆ ಹತ್ತೊಂಬತ್ತು ನಿಮಿಷ. ನಾಲ್ಕೇ ನಾಲ್ಕು ನಿಮಿಷಕ್ಕೆ ನನ್ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ.

ಮಾರನೆಯ ಭಾನುವಾರ ಆ ಹುಡುಗಿ ನನ್ನನ್ನು ಸಮಾಧಾನ ಮಾಡಲು ಘಾಟ್ಕೋಪರಿಗೇ ಬಂದಳು. ಅಣ್ಣನ ಹೋಟೆಲಿನಲ್ಲಿ ಕೂತು ಫೋನಿನಲ್ಲಿ ನನ್ನ ಸಮಯವನ್ನು ಬಿಡಿಸಿ ತೋರಿಸಿದಳು. ಈಜಿದ್ದು ಪರವಾಗಿಲ್ಲ, ಸೈಕಲ್ಲು ಚೆನ್ನಾಗಿದೆ, ಓಟ ಓಡಿಹೋಗುತ್ತದೆ. ಆದರೆ ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗ ಇರುತ್ತದಲ್ಲ, ಅಲ್ಲಿ ನಾನು ಹನ್ನೊಂದು ನಿಮಿಷ ಇದ್ದೆ. "ಅಕ್ಕಾ, ಅಲ್ಲಿ ನೀವು ಏನು ಮಾಡ್ತಾ ಇದ್ರಿ?" ಎಂದು ಕೇಳಿದಳು. ಏನು ಮಾಡುವುದು? ಒರೆಸಿಕೊಂಡೆ. ಬೆರಳ ಸಂದಿಯಲ್ಲಿ ನೀರು ನಿಂತರೆ ಕೆಸರುಹುಣ್ಣಾಗುತ್ತದೆ ಎಂದು ನಮ್ಮಮ್ಮ ಕಲಿಸಿದ್ದಾರೆ, ಒಂದೊಂದಾಗಿ ಒರೆಸಿದೆ. ತಲೆ ಬಾಚಿದೆ. ಒದ್ದೆ ಟವೆಲನ್ನು ಹಿಂಡಿ, ಕೊಡವಿ, ಸೈಕಲ್ ಸ್ಟ್ಯಾಂಡಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಹರವಿದೆ. ಹರವಿದ್ದು ಸೊಟ್ಟಗಿತ್ತು, ಮತ್ತೊಮ್ಮೆ ಹರವಿದೆ.

ಆಗ ಗಲ್ಲಾದ ಕಡೆಯಿಂದ ದನಿ ಬಂತು. "ಹನ್ನೊಂದು ನಿಮಿಷವಾ? ಎಂತ ಮಾರಾಯ್ರೆ! ರಶ್ ಟೈಮಲ್ಲಿ ಹನ್ನೊಂದು ನಿಮಿಷ ಅಂದ್ರೆ ನಮ್ಮಲ್ಲಿ ಒಂದು ಟೇಬಲಿಗೆ ಎರಡು ಪಾರ್ಟಿ ತಿಂದು ಎದ್ದು ಹೋಗ್ತದೆ."

ನನಗೆ ಸಿಟ್ಟು ಬಂತು. ಹೋಟೆಲಿನವರಿಗೆ ಇದೆಲ್ಲ ಏನು ಗೊತ್ತು ಎಂಬ ಭಾವ ಮುಖದ ಮೇಲೂ ಬಂದಿರಬೇಕು. ಅಣ್ಣ ಎದ್ದು ಬಂದು, ನಮ್ಮ ಟೇಬಲ್ಲಿನ ತಟ್ಟೆ, ಬಟ್ಟಲು, ಲೋಟಗಳನ್ನು ಒಂದೇ ಕೈಯಲ್ಲಿ ಮೊಣಕೈವರೆಗೆ ಜೋಡಿಸಿ, ಇನ್ನೊಂದು ಕೈಯಲ್ಲಿ ಟೇಬಲ್ ಒರೆಸಿ, ತಿರುಗುವಾಗ ಪಕ್ಕದ ಟೇಬಲ್ಲಿನ ಎರಡು ಕಪ್ಪನ್ನೂ ಎತ್ತಿಕೊಂಡು ಒಳಗೆ ಹೋದರು. ಬರುವಾಗ ಅದೇ ಕೈಗಳಲ್ಲಿ ಆರು ಲೋಟ ನೀರು. ಹುಡುಗಿ ತನ್ನ ಗಡಿಯಾರ ನೋಡಿ, "ಟ್ವೆಂಟಿ ಟೂ ಸೆಕೆಂಡ್ಸ್" ಎಂದಳು. ಅಣ್ಣನ ವಯಸ್ಸು ಆಗ ಅರವತ್ತೆಂಟು. "ಖಾಲಿ ಕೈಯಲ್ಲಿ ಒಳಗೆ ಹೋಗ್ಲಿಕ್ಕಿಲ್ಲ, ಖಾಲಿ ಕೈಯಲ್ಲಿ ಹೊರಗೆ ಬರ್ಲಿಕ್ಕಿಲ್ಲ. ಅಷ್ಟೇ ಮೇಡಂ ವಿದ್ಯೆ" ಎಂದರು.

ಹೀಗೆ ಶುರುವಾಯಿತು ನನ್ನ ತಾಲೀಮು. ಬೆಳಿಗ್ಗೆ ಈಜು ಮುಗಿಸಿ ನಾನು ಹೋಟೆಲಿಗೆ ಬರುವಷ್ಟರಲ್ಲಿ ಮೊದಲ ಗಿರಾಕಿಗಳ ಗಲಾಟೆ ಕಳೆದಿರುತ್ತಿತ್ತು. ಹೋಟೆಲಿನ ಪಕ್ಕದ ಗಲ್ಲಿಯಲ್ಲಿ ಅಣ್ಣ ಒಂದು ಹಳೆಯ ಟೇಬಲ್ ಕ್ಲಾತ್ ಹಾಸಿಸಿದ್ದರು. ಅದರ ಮೇಲೆ ನನ್ನ ಸಾಮಾನು: ಮೊದಲು ಬೇಕಾದದ್ದು ಹತ್ತಿರ, ಆಮೇಲೆ ಬೇಕಾದದ್ದು ಹಿಂದೆ. ಹೆಲ್ಮೆಟ್ಟು ಅಂಗಾತ, ಅದರೊಳಗೆ ಕನ್ನಡಕ, ಪಕ್ಕದಲ್ಲಿ ಬಾಯಿ ತೆರೆದ ಶೂ. ಸಾರು ಬಡಿಸಲು ನಿಂತ ಮೇಲೆ ಸೌಟು ಹುಡುಕಬಾರದು ಎಂಬುದು ಅವರ ಸಿದ್ಧಾಂತ. ನಾನು ಬಕೆಟ್ ನೀರು ತಲೆಗೆ ಸುರಿದುಕೊಂಡು, ಓಡಿಬಂದು, ಹೆಲ್ಮೆಟ್ ಹಾಕಿ, ಶೂ ಏರಿಸಿ, ಸೈಕಲ್ ತಳ್ಳಿಕೊಂಡು ಗಲ್ಲಿಯ ತುದಿಗೆ ಓಡಬೇಕು. ಮತ್ತೆ ಬರಬೇಕು, ಅಣ್ಣ ಚಾಚಿದ ಲೋಟದ ನೀರು ಕುಡಿಯಬೇಕು, ಮತ್ತೆ ಬಕೆಟ್ಟು. ಪಾನ್ ಅಂಗಡಿಯ ಭೈಯ್ಯ ಎರಡು ದಿನ ಸುಮ್ಮನೆ ನೋಡಿ ಮೂರನೆಯ ದಿನ ಅಣ್ಣನನ್ನು ಪಕ್ಕಕ್ಕೆ ಕರೆದು, ಈ ಹೆಂಗಸಿನ ಮನೆಯವರಿಗೆ ಗೊತ್ತಿದೆಯಾ, ಡಾಕ್ಟರಿಗೆ ತೋರಿಸಿದ್ದಾರಾ ಎಂದು ವಿಚಾರಿಸಿದನಂತೆ.

ಒದ್ದೆ ಕಾಲು ಶೂ ಒಳಗೆ ಜಾರುತ್ತಿರಲಿಲ್ಲ. ಅಲ್ಲೇ ಅರ್ಧ ನಿಮಿಷ ಹೋಗುತ್ತಿತ್ತು. ಅಣ್ಣ ಯೋಚನೆ ಮಾಡಿದರು. ಬನ್ಸ್ ಲಟ್ಟಿಸುವಾಗ ಹಲಗೆಗೆ ಅಂಟದಿರಲು ಏನು ಉದುರಿಸುತ್ತಾರೆ? ಮೈದಾ. ಒಳಗೆ ಹೋಗಿ ಒಂದು ಮುಷ್ಟಿ ತಂದು ಎರಡೂ ಶೂಗಳಿಗೆ ಧಾರಾಳವಾಗಿ ಉದುರಿಸಿದರು. ನಾನು ಯೋಚನೆ ಮಾಡಲಿಲ್ಲ, ಗುರುವಾಕ್ಯ. ಕಾಲು ಹಾಕಿದೆ, ಸರಕ್ಕನೆ ಹೋಯಿತು. ಇಬ್ಬರಿಗೂ ಖುಷಿಯೋ ಖುಷಿ. ಹೈವೇಯಲ್ಲಿ ಒಂದು ಗಂಟೆ ಸೈಕಲ್ ತುಳಿದು ಬಂದು ಶೂ ಬಿಚ್ಚಲು ಹೋದರೆ ಬರಲೊಲ್ಲದು! ಕಾಲಿನ ಬಿಸಿಗೆ, ನೀರಿಗೆ, ಬೆವರಿಗೆ ಅದು ಹದವಾಗಿ ಕಲಸಿಕೊಂಡಿತ್ತು. ಭಟ್ಟರೇ ಹೊರಗೆ ಬಂದು ಒಂದು ಕಾಲು ಎಳೆದರು, ಅಣ್ಣ ಇನ್ನೊಂದು. ಹೊರಬಂದ ನನ್ನ ಪಾದ ನೋಡಿ ಭಟ್ಟರು, "ಇನ್ನು ಎಣ್ಣೆಗೆ ಬಿಡುವುದೊಂದೇ ಬಾಕಿ" ಎಂದರು. ಮರುದಿನವೇ ನಾನು ಬೇರೆ ಶೂ, ಟಾಲ್ಕಂ ಪೌಡರ್ ತಂದೆ. ಅಣ್ಣ ಮಾತ್ರ ಒಪ್ಪಲಿಲ್ಲ, ಅಕ್ಕಿಹಿಟ್ಟಾಗಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಕೊನೆಯವರೆಗೂ ವಾದಿಸಿದರು.

ಬರಬರುತ್ತ ಅವರ ಉಪದೇಶ ಟೇಬಲ್ ಕ್ಲಾತು ದಾಟಿ ಎಲ್ಲ ಕಡೆ ಹಬ್ಬಿತು. ಚಿಕ್ಕಂದಿನಲ್ಲಿ ಊರಿನ ಹೊಳೆಯಲ್ಲಿ ಈಜಿದವರು, ಸಪ್ಲೈಯರ್ ಆಗಿದ್ದಾಗ ಆಫೀಸುಗಳಿಗೆ ಸೈಕಲ್ಲಿನಲ್ಲಿ ಚಹಾ ಹಂಚಿದವರು, ಓಟವಂತೂ ಜೀವನವಿಡೀ. "ನಾನು ಇದನ್ನೆಲ್ಲ ಮಾಡಿದ್ದೇ ಮೇಡಂ. ಕುತ್ತಿಗೆಗೆ ಯಾರೂ ಪದಕ ಹಾಕ್ಲಿಲ್ಲ, ಅಷ್ಟೇ" ಎನ್ನುತ್ತಿದ್ದರು. ಈಜುವಾಗ ನನಗೆ ಉಸಿರು ಕಟ್ಟುತ್ತದೆ ಎಂದಾಗ, ನೀರಿನೊಳಗೆ ಉಸಿರು ಪೂರ್ತಿ ಬಿಡದೆ ಮೇಲೆ ಬಂದು ಮತ್ತೆ ಎಳೆದುಕೊಂಡರೆ ಜಾಗ ಎಲ್ಲಿರುತ್ತದೆ, ಮೊದಲು ಖಾಲಿ ಮಾಡಿ ಎಂದರು. ಹುಡುಗಿ ಹಣ ಕೊಟ್ಟು ಆನ್‌ಲೈನಿನಲ್ಲಿ ಕಲಿತದ್ದೂ ಇದೇ ಮಾತಂತೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ಸೈಕಲ್ಲಿನಿಂದ ಇಳಿದ ತಕ್ಷಣ ಓಡಲು ಹೋದರೆ ಕಾಲು ಯಾರದೋ ಎನಿಸುತ್ತಿತ್ತು. ಅದಕ್ಕೆ ಅವರ ಪರಿಹಾರ: "ಮೊದಲ ಐದು ನಿಮಿಷ ಕಾಲಿನ ಮಾತು ಕೇಳ್ಬೇಡಿ. ಮಧ್ಯಾಹ್ನ ಮಲಗಿ ಎದ್ದ ಸಪ್ಲೈಯರ್ ಹಾಗೆ ಅದು. ಸ್ವಲ್ಪ ಗೊಣಗ್ತದೆ, ಮತ್ತೆ ಸರಿಯಾಗ್ತದೆ. ಸಣ್ಣ ಸಣ್ಣ ಹೆಜ್ಜೆ ಹಾಕಿ."

ಸ್ಪರ್ಧೆಗೆ ಒಂದು ವಾರ ಇದ್ದಾಗ ನನಗೆ ಭಯ ಹಿಡಿದು ದಿನಕ್ಕೆರಡು ಸಲ ಓಡಲು ಶುರುಮಾಡಿದೆ. ಒಂದು ಸಂಜೆ ಅಣ್ಣ ಹೋಟೆಲಿನ ಮುಂದೆ ನನ್ನನ್ನು ಅಡ್ಡಗಟ್ಟಿ ನಿಲ್ಲಿಸಿದರು. ರುಬ್ಬುವಷ್ಟು ರುಬ್ಬಿ ಆಯಿತು, ಇನ್ನು ಹಿಟ್ಟನ್ನು ಮುಚ್ಚಿಟ್ಟು ಬಿಡಬೇಕು, ಅದು ತಾನಾಗಿ ಉಬ್ಬುತ್ತದೆ, ಗಳಿಗೆಗೊಮ್ಮೆ ಮುಚ್ಚಳ ತೆಗೆದು ಸೌಟು ಆಡಿಸಿದರೆ ಇಡ್ಲಿ ಕಲ್ಲಾಗುತ್ತದೆ ಎಂದರು. ಆ ವಾರ ಬಲವಂತವಾಗಿ ಸುಮ್ಮನೆ ಕೂತೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ತಾಲೀಮು ಮತ್ತೊಂದಿಲ್ಲ... ಮನೆಯವರಿಗೂ ಹಾಗೇ ಅನಿಸಿರಬೇಕು, ಏಕೆಂದರೆ ಕೂತಲ್ಲಿಂದಲೇ ಅವರ ತಪ್ಪು ಹುಡುಕುತ್ತಿದ್ದೆ.

ಸ್ಪರ್ಧೆ ಭಾನುವಾರ. ಉಡುಪಿ ಹೋಟೆಲಿಗೆ ಭಾನುವಾರದ ಬೆಳಿಗ್ಗೆ ಎಂದರೆ ಏನು ಎಂಬುದು ಬಾಗಿಲಲ್ಲಿ ಹೆಸರು ಬರೆಸಿ ಕಾದವರಿಗೆ ಗೊತ್ತು. ಅಣ್ಣ ಯಾವ ಭಾನುವಾರವೂ ಗಲ್ಲಾ ಬಿಟ್ಟು ಎದ್ದವರಲ್ಲ. ಸ್ವಂತ ಅಕ್ಕನ ಮಗಳ ಮದುವೆಗೂ ಸೋಮವಾರ ಹೋಗಿ ಆಶೀರ್ವಾದ ಮಾಡಿ ಬಂದವರು. ಅಂದು ಹೋಟೆಲನ್ನು ಭಟ್ಟರಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ನಮ್ಮ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತರು. ತೊಡೆಯ ಮೇಲೊಂದು ಬಟ್ಟೆಯ ಚೀಲ. ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು...

ಈಜು ಮುಗಿಸಿ ಬಂದೆ. ಒರೆಸಲಿಲ್ಲ, ಬಾಚಲಿಲ್ಲ. ಹೆಲ್ಮೆಟ್ಟು, ಕನ್ನಡಕ, ಶೂ, ಸೈಕಲ್ಲು. ಟವೆಲ್ ಸೊಟ್ಟಗೆ ಬಿದ್ದದ್ದು ಕಣ್ಣಿಗೆ ಬಿತ್ತು, ಹಲ್ಲು ಕಚ್ಚಿ ಬಿಟ್ಟು ಓಡಿದೆ. ಎರಡು ಸಲದ್ದೂ ಸೇರಿ ಎರಡೂವರೆ ನಿಮಿಷ. ಸೈಕಲ್ಲಿನಿಂದಿಳಿದ ಕಾಲು ಗೊಣಗಿತು, ಆಮೇಲೆ ಸುಮ್ಮನಾಯಿತು. ನಾಲ್ಕನೆಯ ಕಿಲೋಮೀಟರ್ ದಾಟುವಾಗ ಲೆಕ್ಕ ಹಾಕಿದೆ, ನಡೆದುಕೊಂಡು ಹೋದರೂ ಸಮಯ ಮಿಗುತ್ತದೆ. ಬಿಸಿಲು ಏರಿತ್ತು. ಬಾಯಿ ಒಣಗಿತ್ತು. ಸಂಘಟಕರ ನೀರಿನ ಮೇಜು ಮುಂದಿನ ತಿರುವಿನಾಚೆ ಇನ್ನು ನೂರು ಹೆಜ್ಜೆ ದೂರದಲ್ಲಿತ್ತು.

ತಿರುವಿಗೆ ಮುಂಚೆ, ಹಗ್ಗದಾಚೆ, ಬಿಳಿ ಅಂಗಿಯ ಅಣ್ಣ. ಎಡಗೈಯಲ್ಲಿ ಹೋಟೆಲಿನ ಸ್ಟೀಲ್ ಜಗ್ಗು, ಬಲಗೈಯಲ್ಲಿ ಲೋಟ. ನನ್ನ ಮುಖ ನೋಡಿದರು. ಲೋಟ ಚಾಚಿದರು. ನಾನು ತೆಗೆದುಕೊಂಡೆ. ಗಟಗಟನೆ ಕುಡಿದು ಲೋಟ ವಾಪಸು ಕೊಟ್ಟು ಓಡಿದೆ. ಆರು ತಿಂಗಳು ದಿನಾ ಬೆಳಿಗ್ಗೆ ಮಾಡಿದ್ದನ್ನೇ ಮಾಡಿದೆ, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ.

ಗೆರೆ ದಾಟಿದೆ. ಗಡಿಯಾರದಲ್ಲಿ ಎರಡು ಗಂಟೆ ಆರು ನಿಮಿಷ. ಕುತ್ತಿಗೆಗೆ ಪದಕ ಬಿತ್ತು. ಹುಡುಗಿ ನನಗಿಂತ ಎಷ್ಟೋ ಮೊದಲೇ ಮುಗಿಸಿ ನಿಂತಿದ್ದಳು, ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಹದಿನೈದು ನಿಮಿಷ ನಾನು ಈ ಲೋಕದ ಅತ್ಯಂತ ಸಂತೋಷದ ಹೆಂಗಸಾಗಿದ್ದೆ. ಆಮೇಲೆ ಪಟ್ಟಿ ಹಚ್ಚಿದರು. ನನ್ನ ನಂಬರಿನ ಮುಂದೆ ಅನರ್ಹ ಎಂದಿತ್ತು. ಹೊರಗಿನವರಿಂದ ಏನನ್ನೂ, ನೀರನ್ನು ಕೂಡ, ತೆಗೆದುಕೊಳ್ಳುವಂತಿಲ್ಲ ಎಂಬುದು ಸ್ಪರ್ಧೆಯ ನಿಯಮ. ಹಿಂದಿನ ದಿನದ ಸಭೆಯಲ್ಲಿ ಎರಡು ಸಲ ಹೇಳಿದ್ದರು. ತಿರುವಿನಲ್ಲಿ ನಿಂತಿದ್ದ ಮಾರ್ಷಲ್ ನೋಡಿ ನಂಬರು ಬರೆದುಕೊಂಡಿದ್ದ.

ನನ್ನದೊಂದೇ ಅಲ್ಲ. ಪಟ್ಟಿಯಲ್ಲಿ ಒಂಬತ್ತು ಅನರ್ಹರು. ಅಣ್ಣನ ಎದುರಿನಿಂದ ಬಾಯಾರಿದ ಮುಖ ಹಾದುಹೋಗಬೇಕೆ? ನನಗಾಗಿ ಕಾಯುತ್ತ ನಿಂತವರು, ಮಿಕ್ಕವರಿಗೂ ಹಂಚಿದ್ದರು. ಜಗ್ಗು ಖಾಲಿಯಾದರೆ ಕಾಲೇಜಿನ ನಲ್ಲಿಯಿಂದ ತುಂಬಿಸಿಕೊಂಡು ಬಂದಿದ್ದರು. ಒಂಬತ್ತೂ ಜನ ಅವರನ್ನು ಸುತ್ತುವರಿದರು. ಅವರಲ್ಲೊಬ್ಬರು ನಿವೃತ್ತ ನೌಕಾಪಡೆಯ ಅಧಿಕಾರಿ, ತಮ್ಮ ವಯಸ್ಸಿನ ಗುಂಪಿನಲ್ಲಿ ಎರಡನೆಯವರಾಗಿ ಬಂದಿದ್ದವರು, ಮೀಸೆ ನಡುಗುತ್ತಿತ್ತು. ಅಣ್ಣ ಮಾರ್ಷಲ್ಲನನ್ನು ಹಿಡಿದು, "ಅರೆ ಸಾಬ್, ಪಾನೀ ಹೀ ತೋ ದಿಯಾ! ಪಾನೀ ದೇನಾ ಗುನಾಹ್ ಹೈ ಕ್ಯಾ?" ಎಂದು, ನೀರು ಕೊಡುವುದೂ ಅಪರಾಧವೇ ಎಂದು ಕೇಳುತ್ತಿದ್ದರು. ಆ ಮಾರ್ಷಲ್ ಕಕ್ಕಾಬಿಕ್ಕಿ. ಏಕೆಂದರೆ ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದ ಅವನಿಗೂ ಅಣ್ಣ ಎರಡು ಲೋಟ ಕೊಟ್ಟಿದ್ದರು, ಅವನೂ ಕುಡಿದಿದ್ದ. ಕೂಗಾಟ ಹೆಚ್ಚಾದಾಗ ಅಣ್ಣನಿಗೆ ಏನು ಮಾಡಬೇಕೆಂದು ತೋಚದೆ, ಅಭ್ಯಾಸಬಲದಿಂದ ಒಂದು ಲೋಟ ತುಂಬಿ ನೌಕಾಪಡೆಯವರ ಮುಂದೆ ಹಿಡಿದರು. ಅವರು ಕೆಂಡವಾಗಿ ನೋಡಿದರು. ಆಮೇಲೆ ತೆಗೆದುಕೊಂಡು ಕುಡಿದರು.

ಎಲ್ಲರೂ ನಗುತ್ತಿದ್ದರು. ಈಗ ಬರೆಯುವಾಗ ನನಗೂ ನಗು ಬರುತ್ತದೆ. ಆದರೆ ಅಂದು ನಾನು ನಗಲಿಲ್ಲ. ಪದಕ ಬಿಚ್ಚಿ ಕೊಡಲು ಹೋದರೆ ಸಂಘಟಕರ ಮೇಜಿನ ಹಿಂದಿದ್ದ ಹುಡುಗಿ, "ರೆಹನೇ ದೋ ಆಂಟಿ, ಬಹುತ್ ಬಚೇ ಹೈಂ" ಎಂದಳು. ಇಟ್ಟುಕೊಳ್ಳಿ, ಬೇಕಾದಷ್ಟು ಉಳಿದಿವೆ. ಆ ಮಾತಿಗೆ ತಲೆ ಕೆಟ್ಟಿತು. ನೇರ ಅಣ್ಣನ ಮುಂದೆ ಹೋಗಿ ನಿಂತೆ.

"ಎರಡು ವರ್ಷ ಅಣ್ಣ! ಎರಡು ವರ್ಷ ಇದಕ್ಕೋಸ್ಕರ ಸತ್ತಿದ್ದೀನಿ. ಜೀವಮಾನವೆಲ್ಲ ಲೋಟ ಹಿಡ್ಕೊಂಡಿದ್ದು ಬಿಟ್ರೆ ನಿಮಗೆ ಬೇರೆ ಏನು ಗೊತ್ತು?"

ಅಣ್ಣ ಲೋಟದಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಲೋಟವನ್ನು ಜಗ್ಗಿನೊಳಗೆ ಇಟ್ಟು, ಚೀಲಕ್ಕೆ ಹಾಕಿಕೊಂಡರು. ಬದಲಾಗುವ ಜಾಗದ ಹಗ್ಗ ಬಿಚ್ಚಿದ್ದರು. ಅಲ್ಲಿಗೆ ಹೋಗಿ ನೆಲದ ಮೇಲೆ ಬಿದ್ದಿದ್ದ ನನ್ನ ಒದ್ದೆ ಟವೆಲನ್ನು ಹಿಂಡಿ, ಮಡಚಿ, ಹೆಲ್ಮೆಟ್ಟನ್ನೂ ಎತ್ತಿಕೊಂಡು ಟ್ಯಾಕ್ಸಿಯ ಕಡೆ ನಡೆದರು.

ನಾಲ್ಕು ತಿಂಗಳು ನಾನು ಆ ರಸ್ತೆಯಲ್ಲಿ ಹೋಗಲಿಲ್ಲ. ಸ್ಟೇಶನ್ನಿಗೆ ಸುತ್ತು ಹಾಕಿ, ಮೀನು ಮಾರ್ಕೆಟ್ಟಿನ ಬದಿಯಿಂದ ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಮೊದಮೊದಲು ಸಿಟ್ಟಿಗೆ. ಆಮೇಲೆ ಆಡಿದ ಮಾತಿನ ನಾಚಿಕೆಗೆ. ನಿಯಮ ಗೊತ್ತಿದ್ದದ್ದು ನನಗೆ, ಅವರಿಗಲ್ಲ. ಕೈ ಚಾಚಿ ಕುಡಿದವಳೂ ನಾನೇ. ಇಡೀ ದಿನ ತಪ್ಪು ಹುಡುಕುವ ಕೆಲಸದವಳಿಗೆ ಇದೊಂದನ್ನು ಕಂಡುಹಿಡಿಯಲು ನಾಲ್ಕು ತಿಂಗಳು ಬೇಕಾಯಿತು.

ಒಂದು ಶನಿವಾರ ಧೈರ್ಯ ಮಾಡಿ ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕೂತೆ. ಅಣ್ಣ ಗಲ್ಲಾದಿಂದ ನೋಡಿದರು. ಸಪ್ಲೈಯರನನ್ನು ಕೈಸನ್ನೆಯಿಂದ ತಡೆದು ತಾವೇ ಎದ್ದು ಬಂದರು. ನೀರಿನ ಲೋಟವನ್ನು ನನ್ನ ಮುಂದೆ ಇಡಲಿಲ್ಲ. ಟೇಬಲ್ಲಿನ ಆ ತುದಿಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

"ಅದು ಅಲ್ಲಿ ಉಂಟು. ಬೇಕಾದ್ರೆ ನೀವೇ ತಗೊಳ್ಳಿ ಮೇಡಂ. ನಾನು ಕೊಟ್ಟದ್ದಲ್ಲ" ಎಂದರು. ಆಚೀಚೆ ನೋಡಿ, "ಮಾರ್ಷಲ್ ಯಾರೂ ಇಲ್ಲವಲ್ಲ?" ಎಂದೂ ಕೇಳಿದರು.

ನಗು ತಡೆಯಲಾಗಲಿಲ್ಲ. ಅವರಿಗೂ. ಒಳಗಿಂದ ಭಟ್ಟರು ಬಂದು ಅವರೂ ನಕ್ಕರು, ಏತಕ್ಕೆಂದು ಗೊತ್ತಿಲ್ಲದೆ. ಆ ನಗುವಿನಲ್ಲಿ ಎಲ್ಲ ಸರಿಹೋಯಿತು ಎಂದುಕೊಂಡು ನಾನು ಕ್ಷಮೆ ಕೇಳುವುದನ್ನು ಬಿಟ್ಟುಬಿಟ್ಟೆ. ಇನ್ನೊಂದು ದಿನ ಕೇಳಿದರಾಯಿತು, ಹೋಟೆಲು ಎಲ್ಲಿ ಹೋಗುತ್ತದೆ ಎಂದುಕೊಂಡೆ. ಮುಂದಿನ ಸ್ಪರ್ಧೆಯ ಮಾತೂ ಆಯಿತು. ಈ ಸಲ ಕೈ ಕಟ್ಟಿಕೊಂಡು ನಿಲ್ಲುತ್ತೇನೆ, ಬೇಕಾದರೆ ನೀವೇ ಹಗ್ಗದಲ್ಲಿ ಕಟ್ಟಿಹಾಕಿ ಎಂದರು.

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಹೋಟೆಲಿನ ಶಟರ್ ಎಳೆದಿತ್ತು. ಅದರ ಮುಂದೆ ಹತ್ತಿಪ್ಪತ್ತು ಜನ ಕೊಡೆ ಹಿಡಿದು ನಿಂತಿದ್ದರು. ಶಟರಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿತ್ತು, ನಡುವೆ ಅಣ್ಣನ ಫೋಟೋ. ಹಿಂದಿನ ದಿನ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಗಲ್ಲಾದಲ್ಲಿ ಕೂತಲ್ಲೇ ಹೋದರಂತೆ. ಹೃದಯ...

ಆ ವರ್ಷ ಮತ್ತೆ ಸ್ಪರ್ಧೆಗೆ ಹೋದೆ. ಎರಡು ಗಂಟೆ ಒಂಬತ್ತು ನಿಮಿಷ. ಪಟ್ಟಿಯಲ್ಲಿ ನನ್ನ ಹೆಸರು ಬಂತು, ಸರ್ಟಿಫಿಕೇಟೂ ಬಂತು. ಗಂಡ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಆ ತಿರುವಿನಲ್ಲಿ ಹಗ್ಗದಾಚೆ ಯಾರೋ ತಮ್ಮ ಮಗನ ಫೋಟೋ ತೆಗೆಯುತ್ತ ನಿಂತಿದ್ದರು. ನಾನು ಅವರನ್ನೂ ಅವರ ಹಿಂದಿನ ಖಾಲಿ ಜಾಗವನ್ನೂ ನೋಡಿಕೊಂಡೇ ಓಡಿದೆ. ಅಣ್ಣ ಅಲ್ಲಿರಬೇಕಿತ್ತು ಎಂದು ಎಷ್ಟು ಬಲವಾಗಿ ಅನಿಸಿತೆಂದರೆ, ಕೈ ತಾನಾಗಿ ಮುಂದೆ ಹೋಗಿತ್ತು.

ಹೋಟೆಲು ಈಗ ಅವರ ಅಳಿಯನ ಕೈಯಲ್ಲಿದೆ. ಚೆನ್ನಾಗಿಯೇ ನಡೆಯುತ್ತಿದೆ. ಟೋಕನ್ ತೆಗೆದುಕೊಂಡು ನಿಂತೇ ತಿನ್ನಬೇಕು. ಮೂಲೆಯಲ್ಲಿ ಕೂಲರ್ ಇದೆ, ನೀರು ನಾವೇ ಹಿಡಿದುಕೊಳ್ಳಬೇಕು. ಯಾರೂ ಯಾರಿಗೂ ಏನೂ ಕೊಡುವುದಿಲ್ಲ. ಸ್ಪರ್ಧೆಯ ನಿಯಮದ ಪ್ರಕಾರ ಈಗ ಅಲ್ಲಿ ಯಾವ ತಪ್ಪೂ ಇಲ್ಲ.

ಶೂವನ್ನು ಗಂಡ ಕಸಕ್ಕೆ ಹಾಕಿದರು, ನಾನು ತಡೆಯಲಿಲ್ಲ. ಕ್ಷಮೆ ಕೇಳಬೇಕಾದವರೇ ಇಲ್ಲದ ಮೇಲೆ ಹಿಟ್ಟು ಮೆತ್ತಿದ ಶೂ ಇಟ್ಟುಕೊಂಡು ಏನು ಮಾಡಲಿ? ನಾನು ಮಾಡುವುದು ಒಂದೇ. ಆಫೀಸಿನಲ್ಲಿ ಹೊಸಬರು ಯಾರಾದರೂ ನನ್ನ ಅತ್ಯುತ್ತಮ ಸಮಯ ಎಷ್ಟು ಎಂದು ಕೇಳಿದರೆ ಎರಡು ಗಂಟೆ ಆರು ನಿಮಿಷ ಎನ್ನುತ್ತೇನೆ. ಮೊನ್ನೆಯೂ ಹಾಗೇ ಹೇಳಿದೆ. ಪಕ್ಕದ ಮೇಜಿನಿಂದ ಹುಡುಗಿ ತಲೆ ಎತ್ತಿ, "ಅಕ್ಕಾ, ಅದು ಡಿಸ್‌ಕ್ವಾಲಿಫೈ ಆಗಿದ್ದು ನಾ? ಅಣ್ಣ ನೀರು ಕೊಟ್ಟಿದ್ದು?" ಎಂದಳು.

"ಹೌದು ಕಣೇ, ಅದೇ" ಎಂದೆ.